ತೂಕದ ಚೀಟಿ

ನನ್ನ ಕೆಲಸ ಇಷ್ಟೇ:
ಗೋಧಿ ತುಂಬಿದ ಲಾರಿ ತೂಕದ ಸೇತುವೆ ಏರುತ್ತದೆ, ಬರೆದುಕೊಳ್ಳುತ್ತೇನೆ.
ಸುರಿದು ಬರಿದಾಗಿ ಮರಳುತ್ತದೆ, ಬರೆದುಕೊಳ್ಳುತ್ತೇನೆ.
ಅದರಲ್ಲಿ ಇದನ್ನು ಕಳೆದರೆ ಉಳಿದದ್ದು ಯಾರದೋ ಒಂದು ವರ್ಷ.
ಹೀಗಾಗಿ ಕ್ಲೆಮ್ "ಚೆಂದ ಇದೆ, ಅಲ್ವಾ?" ಅಂದಾಗಲೆಲ್ಲ
ನಾನು ಚಕ್ರದ ಪಕ್ಕ ಮಂಡಿಯೂರಿ
ತಗಡಿನ ಪಟ್ಟಿ ಓದುತ್ತಿರುತ್ತೇನೆ.

ಅಡಿಲೇಡಿನ ಮಳಿಗೆಯಲ್ಲಿ ಹದಿನಾಲ್ಕು ಟ್ರೇಲರುಗಳು
ದಿಬ್ಬಣಕ್ಕೆ ಹೊರಟವರ ಹಾಗೆ ಸಾಲಾಗಿ ನಿಂತಿದ್ದವು.
ಒಂದರ ಗುಂಡಿ ಒತ್ತಿದರೆ ಮನೆಯೇ ಎದ್ದು ನಿಲ್ಲುತ್ತದೆ,
ಇನ್ನೊಂದರ ಹೊಟ್ಟೆಯಿಂದ ಅಡುಗೆಕಟ್ಟೆ ಜಾರಿ ಬರುತ್ತದೆ,
ಕಾಫಿ ಯಂತ್ರಕ್ಕೂ ಒಂದು ಗೂಡು.
ಮಾರುವ ಹುಡುಗನ ಬೂಟಿನ ಮೇಲೆ ಒಂದು ಕಣ ಧೂಳಿಲ್ಲ.
"ಊಡ್ನಡಾಟಾ ದಾರಿಯಲ್ಲಿ, ಇನ್ನೂರು ಮೈಲಿ ಗಡಗಡ ಕುಲುಕಿದ ಮೇಲೆ,
ಈ ಬಾಗಿಲ ಸಂದಿಯಲ್ಲಿ ಮಣ್ಣು ನುಗ್ಗಲ್ವಾ?"
"ರಬ್ಬರ್ ಇದೆ, ಮೇಡಂ."
ರಬ್ಬರ್ ನನ್ನ ಚಪ್ಪಲಿಗೂ ಇದೆ.

ರಾತ್ರಿ ಊಟದ ಮೇಜಿನ ಮೇಲೆ ಲೆಕ್ಕ.
ಹೇರಬಹುದಾದದ್ದು ನಾನೂರ ಎಪ್ಪತ್ತು ಕಿಲೋ.
ನೀರು ನೂರು; ನೀರಿನಲ್ಲಿ ಚೌಕಾಸಿ ಇಲ್ಲ.
ಎರಡನೆಯ ಸ್ಟೆಪ್ನಿ ಮೂವತ್ತೆರಡು.
ಕ್ಲೆಮ್‌ನ ಕಬ್ಬಿಣದ ಬಾಣಲೆ: ಜಗಳ.
ರೂಬೆನ್‌ನ ಕಲ್ಲಿನ ಡಬ್ಬಿ
"ಹೋಗ್ತಾ ಖಾಲಿ ಇರುತ್ತಮ್ಮ,"
ಬರ್ತಾ ಎಷ್ಟು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
"ಹಾಸಿಗೆ ಎಷ್ಟು?"
ಪೆನ್ಸಿಲ್ ನಿಂತಿತು.
"ಮೂರು ಸಾಕು," ಫ್ರಿಜ್ಜಿನೊಳಗೆ ತಲೆ ಹಾಕಿದ್ದ ಬ್ರಿಯೋನಿ ಅಂದಳು,
"ನಾನು ಬರಲ್ಲ."
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರ ಮನೆಯಲ್ಲಿ
ಹದಿನೈದರ ಹುಡುಗಿ ಇದ್ದಿರಲಿಕ್ಕಿಲ್ಲ.
ಕ್ಲೆಮ್ ನಾಲ್ಕು ಎಂದು ಬರೆದ,
ಸೀಸ ಮುರಿಯುವಷ್ಟು ಒತ್ತಿ.

ಕ್ವಾರ್ನ್ ಊರಿನ ಆಚೆ, ವೆರ್ನಾ ಲಿಂಡ್ನರ್ ಅವರ ಕೊಟ್ಟಿಗೆ.
ಹಳೆಯ ಟ್ರೇಲರ್, ಅಲ್ಲಲ್ಲಿ ಬೆಸುಗೆಯ ಗಾಯ,
ಬೆಸುಗೆ ಹಾಕಿದ ಕೈ ಮಾತ್ರ ಪಳಗಿದ್ದು.
ಬಚ್ಚಲ ತೂಕದ ಯಂತ್ರ ನಾನೇ ಒಯ್ದಿದ್ದೆ,
ಮೂತಿಯ ಪುಟ್ಟ ಚಕ್ರದಡಿ ಇಟ್ಟೆ: ನೂರ ಇಪ್ಪತ್ತಾರು.
ಕಾರಿನ ಕೊರಳಿಗೆ ಅಷ್ಟು ಭಾರ ತಡೆದೀತು.
ಎಪ್ಪತ್ತು ದಾಟಿದ ಆಕೆ ಏಳು ನಿಮಿಷದಲ್ಲಿ ಗುಡಾರ ಎಬ್ಬಿಸಿದರು.
ಕ್ಲೆಮ್‌ಗೆ ಇಪ್ಪತ್ತಮೂರು ನಿಮಿಷ ಬೇಕಾಯಿತು,
ಜೊತೆಗೆ ಮಕ್ಕಳ ಕಿವಿಗೆ ಬೀಳಬಾರದ ನಾಲ್ಕು ಮಾತು.
ಕ್ಯಾನ್ವಾಸಿನೊಳಗೆ ಹೊಗೆ, ಕುರಿಮಾಂಸ, ಹಳಸಿದ ಬಿಸಿಲು.
"ಎಡಗಡೆ ಮೂಲೆ ಸೋರುತ್ತೆ," ಅಂದರು ವೆರ್ನಾ,
"ದಕ್ಷಿಣದ ಮಳೆಗೆ ಮಾತ್ರ. ಹೊಲಿದೆ, ಮೇಣ ಹಚ್ಚಿದೆ, ಕೇಳಲಿಲ್ಲ.
ಹನ್ನೊಂದು ವರ್ಷದಿಂದ ಅಲ್ಲೊಂದು ಎನಾಮಲ್ ಲೋಟ ಇಡ್ತೀನಿ.
ಲೋಟ ಇದೇ ರೇಟಿನಲ್ಲಿ."
ಹದಿನಾಲ್ಕು ಟ್ರೇಲರುಗಳಲ್ಲಿ ಒಂದೂ
ತನ್ನ ಸೋರುವ ಮೂಲೆ ತೋರಿಸಿರಲಿಲ್ಲ.

ಭಾನುವಾರ ಗೋದಾಮಿಗೆ ರಜೆ. ಬೀಗದ ಕೈ ನನ್ನ ಬಳಿ.
ನೀರು, ಬಾಣಲೆ, ಸ್ಟೆಪ್ನಿ, ಖಾಲಿ ಡಬ್ಬಿ, ಎಲ್ಲ ಹೇರಿ
ಎರಡನ್ನೂ ಸೇತುವೆಗೆ ಹತ್ತಿಸಿದೆವು.
ಬ್ರಿಯೋನಿ ಹಿಂದಿನ ಸೀಟಿನಲ್ಲಿ, ಕಿವಿಯಲ್ಲಿ ವೈರು,
ಸುಮ್ಮನೆ ನೋಡಲು ಬಂದವಳು.
"ಇಳಿ," ಅಂದೆ, "ನೀನಿಲ್ಲದ ತೂಕ ಬೇಕು."
ಇಳಿದಳು.
ಕೆಂಪು ಅಂಕಿ ಸ್ವಲ್ಪ ತಡವರಿಸಿ
ಅರವತ್ತು ಕಿಲೋ ಕೆಳಗೆ ಬಿತ್ತು.
"ನಾನು ಐವತ್ತೆರಡು!" ಕಿಟಕಿಗೆ ಬಂದು ಕಿರುಚಿದಳು.
ಈ ಸೇತುವೆಗೆ ಇಪ್ಪತ್ತರ ಮಗ್ಗಿ ಬಿಟ್ಟರೆ ಬೇರೆ ಬಾರದು,
ವಿವರಿಸಿದೆ. ಲಾರಿ ತೂಗಲು ಅಷ್ಟು ಸಾಕು.
ಅವಳು ಒಪ್ಪಲಿಲ್ಲ. ಹತ್ತಿದಳು, ಇಳಿದಳು,
ಬೂಟು ಬಿಚ್ಚಿ ಮತ್ತೆ ಹತ್ತಿದಳು.
ಹಿಂದೆ ರೂಬೆನ್ ಬಾಯಿ ಬಿಟ್ಟು ಅಂಕಿ ಓದುತ್ತಿದ್ದ.

ಚೀಟಿ ಮುದ್ರಿಸಿದೆ.
ಅವಳು ಆಗ ಒಳಗಿದ್ದಳೋ ಹೊರಗಿದ್ದಳೋ
ನೋಡಿಯೇ ಒತ್ತಿದ್ದೆ ಗುಂಡಿಯನ್ನು.
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.
ಅವಳು ಹಾಲಿಗೆಂದು ಬಂದಾಗಲೆಲ್ಲ
ಕಣ್ಣು ಬಿದ್ದೇ ಬೀಳುವ ಎತ್ತರದಲ್ಲಿ.